ಅಡುಗೆಮನೆಯ ಸುಳಿವು ಹಿಂದಿನ ಸಾಲಿಗೆ ಕಾಣುವುದು ಹೇಗೆ?

ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯ ಒಂದು ಮಹಿಳಾ ಸಮಾಜದವರು. ಈ ಸಲದ ವಾರ್ಷಿಕೋತ್ಸವಕ್ಕೆ ಸೂಸನ್ ಗ್ಲಾಸ್ಪೆಲ್ ಅವರ ‘ಟ್ರೈಫಲ್ಸ್’ ಏಕಾಂಕವನ್ನು ಕೊಡಗಿಗೆ ಒಗ್ಗಿಸಿ ಆಡಬೇಕೆಂದಿದ್ದೇವೆ. ಒಂಟಿ ಮನೆಯೊಂದರಲ್ಲಿ ಗಂಡ ಮಲಗಿದಲ್ಲೇ ಕೊರಳಿಗೆ ಹಗ್ಗ ಬಿಗಿದು ಸತ್ತಿದ್ದಾನೆ, ಹೆಂಡತಿ ಜೈಲಿನಲ್ಲಿದ್ದಾಳೆ. ತನಿಖೆಗೆ ಬಂದ ಗಂಡಸರು ಮಹಡಿ, ಕೊಟ್ಟಿಗೆ ಜಾಲಾಡುತ್ತಿರುವಾಗ ಜೊತೆಗೆ ಬಂದ ಇಬ್ಬರು ಹೆಂಗಸರು ಅಡುಗೆಮನೆಯಲ್ಲೇ ಕಾರಣವನ್ನು ಕಂಡುಹಿಡಿದು ಕೊನೆಗೆ ಅದನ್ನು ಬಚ್ಚಿಡುತ್ತಾರೆ. ತಾಲೀಮು ಶುರುವಾಗುವ ಮೊದಲೇ ತಕರಾರು ಶುರುವಾಗಿದೆ. ಕೊಲೆ ಮಾಡಿದವಳನ್ನು ಉಳಿಸುವುದು ಯಾವ ನ್ಯಾಯ ಎಂದು ಮನೆಯ ಗಂಡಸರು ಕೇಳುತ್ತಾರೆ. ಪೊಲೀಸ್ ಇಲಾಖೆಯಲ್ಲಿರುವ ನನ್ನ ಅಕ್ಕನ ಮಗ, ಯಾವ ಪೊಲೀಸರೂ ಇಷ್ಟು ದಡ್ಡರಲ್ಲ ಎನ್ನುತ್ತಾನೆ. ಸತ್ತ ಹಕ್ಕಿ, ತಪ್ಪಿದ ಹೊಲಿಗೆ ಇವೆಲ್ಲ ಸಭಾಂಗಣದ ಹಿಂದಿನ ಸಾಲಿಗೆ ಕಾಣುವುದೇ ಇಲ್ಲ ಎಂಬುದು ನನ್ನ ಸ್ವಂತ ಭಯ. ಊರನ್ನು ಕೊಡಗು ಮಾಡಿದರೆ ಯಾರ ಮನಸ್ಸಿಗಾದರೂ ನೋವಾದೀತೇ ಎಂಬುದು ಇನ್ನೊಂದು. ನಮ್ಮ ಕರಡನ್ನೂ ತಂಡದವರ ಸಲಹೆಗಳನ್ನೂ ಜೊತೆಗೆ ಕಳಿಸಿದ್ದೇವೆ. ಏನು ಮಾಡೋಣ?

ಉತ್ತರ: ನೀವು ಕೇಳಿದ್ದು ನಾಲ್ಕು, ಆದರೆ ಅಡಿಯಲ್ಲಿರುವ ಅಳುಕು ಒಂದೇ. ಒಂದು ಬಾಟಲಿ, ಒಂದು ಪಂಜರ, ನಾಲ್ಕು ಹೊಲಿಗೆ ಇವುಗಳ ಮೇಲೆ ಇಷ್ಟು ದೊಡ್ಡ ತೀರ್ಮಾನ ನಿಂತೀತೇ ಎಂದು ನಿಮಗೇ ಪೂರ್ತಿ ಧೈರ್ಯವಿಲ್ಲ. ನಿಲ್ಲುತ್ತದೆ. ಆದರೆ ಆ ವಸ್ತುಗಳನ್ನು ನೀವು ಪತ್ತೇದಾರಿ ಕಾದಂಬರಿಯ ಸುಳಿವುಗಳಂತೆ ತೋರಿಸಿದರೆ ನಿಲ್ಲುವುದಿಲ್ಲ. ಅವೆಲ್ಲ ನಡುವೆ ನಿಂತುಹೋದ ಕೆಲಸಗಳು. ಕೆಲಸವಾಗಿ ತೋರಿಸಿದರೆ ಹಿಂದಿನ ಸಾಲಿನವರೆಗೂ ಮುಟ್ಟುತ್ತವೆ.

ಮೊದಲು ಗಂಡಸರ ತಕರಾರು. ಅದನ್ನು ತಳ್ಳಿಹಾಕಬೇಡಿ, ಅದು ನ್ಯಾಯವಾದ ಪ್ರಶ್ನೆಯೇ. ಸಾಕ್ಷ್ಯ ಬಚ್ಚಿಡುವುದು ನಮ್ಮಲ್ಲಿಯೂ ಅಪರಾಧ. ಹಿಂದಿನ ದಂಡ ಸಂಹಿತೆಯ 201ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 238 ಆಗಿದೆ. ನಾಟಕ ಆ ಹೆಂಗಸರಿಗೆ ಕ್ಷಮಾಪಣೆ ಪತ್ರವನ್ನೇನೂ ಬರೆದುಕೊಟ್ಟಿಲ್ಲ. ಅವರಿಬ್ಬರೂ ತಾವು ಮಾಡುತ್ತಿರುವುದು ಏನೆಂದು ತಿಳಿದೇ ಮಾಡುತ್ತಾರೆ, ನಡುಗುತ್ತಲೇ ಮಾಡುತ್ತಾರೆ. ಹಾಗೆ ಮಾಡುವಂತೆ ಅವರನ್ನು ದೂಡಿದ್ದು ಏನು ಎಂಬುದು ನಾಟಕದ ವಿಷಯ. ಅದಕ್ಕೆ ನಾಟಕದ ಹಿಂದಿದ್ದ ನಿಜವಾದ ಮೊಕದ್ದಮೆಯನ್ನು ತಿಳಿಯಬೇಕು.

1900ರ ಡಿಸೆಂಬರಿನಲ್ಲಿ ಅಮೆರಿಕದ ಐಯೊವಾ ರಾಜ್ಯದಲ್ಲಿ ಜಾನ್ ಹೋಸಾಕ್ ಎಂಬ ರೈತ ನಿದ್ದೆಯಲ್ಲಿರುವಾಗಲೇ ಕೊಡಲಿ ಏಟಿಗೆ ಬಲಿಯಾದ. ಪಕ್ಕದಲ್ಲೇ ಮಲಗಿದ್ದ ಹೆಂಡತಿ ಮಾರ್ಗರೆಟ್, ತನಗೆ ಎಚ್ಚರವಾಗಿದ್ದು ಆಮೇಲೆ ಎಂದಳು. ಆಗ ಪತ್ರಿಕಾ ವರದಿಗಾರ್ತಿಯಾಗಿದ್ದ ಗ್ಲಾಸ್ಪೆಲ್ ಆ ಪ್ರಕರಣವನ್ನು ಸರಣಿಯಾಗಿ ವರದಿ ಮಾಡಿದರು. 1901ರಲ್ಲಿ ಮಾರ್ಗರೆಟ್‌ಗೆ ಜೀವಾವಧಿ ಶಿಕ್ಷೆಯಾಯಿತು, 1902ರಲ್ಲಿ ಐಯೊವಾದ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು, 1903ರ ಮರುವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಆಕೆ ಮನೆಗೆ ಹೋದಳು. ಜ್ಯೂರಿಯಲ್ಲಿ ಕುಳಿತವರೆಲ್ಲ ಗಂಡಸರು. ಆ ರಾಜ್ಯದಲ್ಲಿ ಹೆಂಗಸರು ಅಲ್ಲಿ ಕೂರುವಂತಾಗಿದ್ದು 1920ರ ನಂತರ.

ನಿಮ್ಮ ಗಂಡಸರಿಗೆ ಹೇಳಬೇಕಾದ ಸಂಗತಿ ಈ ಮೊಕದ್ದಮೆಯೊಳಗೇ ಇದೆ. ಆ ಮನೆಯಲ್ಲಿ ಜಗಳವಿತ್ತು, ಗಂಡನ ಕಾಟವಿತ್ತು ಎಂದು ನೆರೆಹೊರೆಯವರು ಹೇಳಿದ್ದು ಮಾರ್ಗರೆಟ್‌ಳ ನೆರವಿಗೆ ಬರಲಿಲ್ಲ. ನೋಡಿ, ಕೊಲ್ಲುವುದಕ್ಕೆ ಅವಳಿಗೆ ಕಾರಣವಿತ್ತು ಎಂದು ಸರ್ಕಾರದ ಪರ ವಕೀಲರು ಅದನ್ನೇ ಅವಳ ಮೇಲೆ ತಿರುಗಿಸಿದರು. ಹೆಂಗಸು ಪಟ್ಟ ಪಾಡೇ ಅವಳ ವಿರುದ್ಧದ ಸಾಕ್ಷ್ಯವಾಯಿತು. ನಾಟಕದಲ್ಲಿ ಸರ್ಕಾರಿ ವಕೀಲ ಹುಡುಕುತ್ತಿರುವುದೂ ಅದನ್ನೇ. ಅವನಿಗೆ ಕೊಂದವಳು ಯಾರೆಂಬುದರಲ್ಲಿ ಸಂಶಯವೇ ಇಲ್ಲ, ಕೈಗೆ ಬೇಕಾಗಿರುವುದು ಕಾರಣ. ಜೈಲಿನಲ್ಲಿರುವ ಹೆಂಡತಿ ಮಿನ್ನಿ ಸಾಕಿದ್ದ, ಗಂಡ ಕತ್ತು ತಿರುಚಿದ ಹಕ್ಕಿಯನ್ನು ಅವನ ಮುಂದಿಟ್ಟರೆ ಅದು ಅವಳ ಒಂಟಿತನದ ಕಥೆಯಾಗುವುದಿಲ್ಲ, ಅವಳ ವಿರುದ್ಧದ ಪ್ರಕರಣದ ಕೊನೆಯ ಕೊಂಡಿಯಾಗುತ್ತದೆ. ಈ ಲೆಕ್ಕ ಇಬ್ಬರು ಹೆಂಗಸರಿಗೂ ಗೊತ್ತು. ನೋಡುವವರಿಗೂ ಅದು ಗೊತ್ತಾಗುವಂತೆ ವಕೀಲನ ಆ ಮಾತನ್ನು ಸ್ಪಷ್ಟವಾಗಿ, ನಿಧಾನವಾಗಿ ಆಡಿಸಿ. ಆಮೇಲೆ ತಕರಾರು ಇರುತ್ತದೆ, ಆದರೆ ತಿಳಿದವರ ತಕರಾರಾಗಿರುತ್ತದೆ.

ನಾಟಕವೇ ಆ ಮೊಕದ್ದಮೆ ಎಂದು ಮಾತ್ರ ಕರಪತ್ರದಲ್ಲಿ ಅಚ್ಚು ಹಾಕಿಸಬೇಡಿ. ಹಕ್ಕಿ, ಹಗ್ಗ, ಹೊಲಿಗೆ ಎಲ್ಲವೂ ನಾಟಕದ್ದು. ಗಂಡ ಹೊಡೆಯುತ್ತಿದ್ದ ಎಂಬುದನ್ನೂ ನೀವಾಗಿ ಸೇರಿಸಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಈ ನಾಟಕದ ಅಳವಡಿಕೆಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಕೆಡುಕು ಇದೇ. ಗಂಡನನ್ನು ಕುಡುಕನನ್ನಾಗಿ ಮಾಡುತ್ತಾರೆ, ಹೆಂಗಸರ ಬಾಯಲ್ಲಿ ಬಾಸುಂಡೆಯ ವರ್ಣನೆ ಹಾಕುತ್ತಾರೆ. ಮೂಲದ ಗಂಡ ಜಾನ್ ರೈಟ್ ಕುಡಿಯುವವನಲ್ಲ, ಕೊಟ್ಟ ಮಾತಿಗೆ ತಪ್ಪುವವನಲ್ಲ, ಸಾಲ ಉಳಿಸಿಕೊಳ್ಳುವವನಲ್ಲ. ಊರಿನ ಲೆಕ್ಕದಲ್ಲಿ ಮರ್ಯಾದಸ್ಥ. ಮನೆಯೊಳಗೆ ಮಾತಿಲ್ಲ, ನಗುವಿಲ್ಲ, ಮಗುವಿಲ್ಲ, ಹೆಂಡತಿ ಹಾಡುವಂತಿಲ್ಲ. ಅಂಥ ಮನೆ ನಿಮ್ಮ ಪ್ರೇಕ್ಷಕರಲ್ಲಿ ಪ್ರತಿಯೊಬ್ಬರಿಗೂ ಒಂದಾದರೂ ಗೊತ್ತಿರುತ್ತದೆ. ಕುಡುಕನನ್ನು ತಂದು ನಿಲ್ಲಿಸಿದರೆ, ಅದು ನಮ್ಮ ಮನೆಯ ಕಥೆಯಲ್ಲ ಎಂದು ಎಲ್ಲರೂ ನೆಮ್ಮದಿಯಾಗಿ ಬೆನ್ನು ಒರಗಿಸಿ ಕುಳಿತುಬಿಡುತ್ತಾರೆ.

ಅಕ್ಕನ ಮಗನ ಮಾತಿಗೆ ಬರುತ್ತೇನೆ. ಅವನು ಹೇಳಿದ್ದು ಸರಿ, ಆ ಗಂಡಸರು ದಡ್ಡರಲ್ಲ. ಅವರನ್ನು ದಡ್ಡರಂತೆ ಆಡಿಸಿದರೆ ನಾಟಕ ಅಲ್ಲಿಗೇ ಮುಗಿಯಿತು. ಅವರು ಕ್ರಮವಾಗಿ, ಶ್ರದ್ಧೆಯಿಂದ ಹುಡುಕುತ್ತಾರೆ. ಅಡುಗೆಮನೆಯಲ್ಲಿ ಅಡುಗೆಯ ಸಾಮಾನು ಬಿಟ್ಟರೆ ಏನಿದೆ ಎಂದು ಮೇಲೆ ಹೋಗುತ್ತಾರೆ, ಅಷ್ಟೇ. ಕಾಣದ್ದು ಕಣ್ಣಿನ ದೋಷವಲ್ಲ, ಆ ಕೆಲಸವನ್ನು ಅವರ ಕೈ ಎಂದೂ ಮಾಡಿಲ್ಲ. ತರಬೇತಿ ಶಿಬಿರವೊಂದರಲ್ಲಿ ಮೇಜಿನ ಮೇಲೆ ನೂಪುಟ್ಟಿನ (ಅಕ್ಕಿ ಶ್ಯಾವಿಗೆಯ) ಒರಳು ಇಟ್ಟು, ಅದರೊಳಗೆ ಅರ್ಧ ಒತ್ತಿದ ಹಿಟ್ಟನ್ನು ಹಾಗೆಯೇ ಬಿಟ್ಟು, ಈ ಮನೆಯಲ್ಲಿ ಏನಾಗಿದೆ ಹೇಳಿ ಎಂದು ಕೇಳಿದ್ದೆ. ಹುಡುಗರು ಬಾಗಿಲ ಚಿಲಕ ನೋಡಿದರು, ಕಿಟಕಿ ನೋಡಿದರು, ಒರಳಿನ ಹಿಡಿಯಲ್ಲಿ ರಕ್ತವಿದೆಯೇ ಎಂದು ನೋಡಿದರು. ಊರಿನ ಹೆಂಗಸೊಬ್ಬರು ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡಿ, “ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಕಲ್ಲಾಗುತ್ತದೆ. ಗೊತ್ತಿದ್ದವಳು ಇದನ್ನು ಸುಮ್ಮನೆ ಬಿಟ್ಟು ಹೋಗುವುದಿಲ್ಲ” ಎಂದರು. ಗ್ಲಾಸ್ಪೆಲ್ ಅವರ ನಾಟಕದಲ್ಲಿ ಅರ್ಧ ಒರೆಸಿದ ಮೇಜು, ಡಬ್ಬಿಯ ಹೊರಗೆ ಉಳಿದ ಬ್ರೆಡ್ಡು ಮಾಡುವ ಕೆಲಸ ಅದೇ.

ಹಾಗಿದ್ದರೂ ಅವನ ಮಾತಿನಲ್ಲಿ ನೀವು ತೆಗೆದುಕೊಳ್ಳಬೇಕಾದ ಒಂದು ಎಚ್ಚರಿಕೆ ಇದೆ. ಕಥೆಯನ್ನು ಇವತ್ತಿಗೆ ತಂದರೆ ಮೊಬೈಲ್ ಕರೆಗಳ ಪಟ್ಟಿ, ವಿಧಿವಿಜ್ಞಾನ ತಂಡ, ಅಡುಗೆಮನೆಗೂ ಸುತ್ತಿದ ಹಳದಿ ಪಟ್ಟಿ ಎಲ್ಲ ಬರಬೇಕಾಗುತ್ತದೆ. ಎಸ್ಟೇಟುಗಳಿಗೆ ಟೆಲಿಫೋನ್ ಕಂಬ ಬರುತ್ತಿದ್ದ ಕಾಲಕ್ಕೆ ಇಡಿ. ಮೂಲದಲ್ಲಿ ನೆರೆಯವ ಹೇಲ್ ಆ ಬೆಳಿಗ್ಗೆ ಅಲ್ಲಿಗೆ ಹೋಗುವುದೇ ಇಬ್ಬರೂ ಸೇರಿ ಫೋನಿನ ತಂತಿ ಎಳೆಸೋಣ ಎಂದು ಕೇಳಲು. ನಿಮ್ಮ ಕರಡಿನಲ್ಲಿ ಅದನ್ನು ಆನೆ ತಡೆಯುವ ಸೋಲಾರ್ ಬೇಲಿ ಮಾಡಿದ್ದೀರಿ. ಕೊಡಗಿಗೆ ಬಹಳ ಹತ್ತಿರದ ಸಂಗತಿ, ಓದುವಾಗ ನನಗೂ ಖುಷಿಯಾಯಿತು. ಆದರೂ ಬೇಡ. ಬೇಲಿ ಬೇಡವೆನ್ನುವವನು ಜಿಪುಣ ಎಂದಷ್ಟೇ ಆಗುತ್ತದೆ. ಫೋನ್ ಬೇಡವೆನ್ನುವವನು ಮನೆಯೊಳಗೆ ಇನ್ನೊಂದು ದನಿ ಬರುವುದನ್ನು ತಡೆಯುತ್ತಾನೆ. ನೆರೆಯವನ ಜಾಗದಲ್ಲಿ ಪಕ್ಕದ ತೋಟದ ರೈಟರನ್ನು (ಲೆಕ್ಕ ಬರೆಯುವವರನ್ನು) ತಂದಿರುವುದು ಚೆನ್ನಾಗಿದೆ, ಅದು ಇರಲಿ.

ಇನ್ನು ಕಣ್ಣಿಗೆ ಕಾಣುವ ಪ್ರಶ್ನೆ. ಈ ನಾಟಕ ಮೊದಲು ಆಡಿದ್ದು 1916ರ ಆಗಸ್ಟಿನಲ್ಲಿ, ಮ್ಯಾಸಚೂಸೆಟ್ಸ್‌ನ ಪ್ರಾವಿನ್ಸ್‌ಟೌನಿನಲ್ಲಿ, ಮೀನುಗಾರಿಕೆ ಕಟ್ಟೆಯ ಮೇಲಿದ್ದ ಒಂದು ಹಳೆಯ ಶೆಡ್ಡಿನಲ್ಲಿ. ಆ ಇಬ್ಬರು ಹೆಂಗಸರಲ್ಲಿ ಒಬ್ಬಳಾದ ಹೇಲನ ಹೆಂಡತಿಯ ಪಾತ್ರವನ್ನು ಗ್ಲಾಸ್ಪೆಲ್ ಸ್ವತಃ ಮಾಡಿದ್ದರು. ಅಷ್ಟು ಚಿಕ್ಕ ಜಾಗಕ್ಕೆಂದು ಬರೆದ ನಾಟಕವನ್ನು ಎತ್ತರದ ವೇದಿಕೆಗೆ ಏರಿಸಿದರೆ ಅರ್ಧ ಸೋರಿಹೋಗುತ್ತದೆ. ಸಭಾಂಗಣದ ವೇದಿಕೆಯನ್ನು ಬಿಟ್ಟು ನೆಲದ ಮೇಲೇ ಅಡುಗೆಮನೆ ಹಾಕಿ, ಮೂರು ಕಡೆ ಕುರ್ಚಿ ಇಡಿ. ಸಮಾಜದ ಕಟ್ಟಡದಲ್ಲಿ ಅದಕ್ಕೆ ಅವಕಾಶವಿಲ್ಲವೆಂದರೆ ಯಾರದಾದರೂ ಕಾಫಿ ಕಣದಲ್ಲಿ ಆಡಿ, ಮಳೆಗಾಲ ಕಳೆದ ಮೇಲೆ.

ಅದಕ್ಕಿಂತ ಮುಖ್ಯವಾದುದು ವಸ್ತುಗಳ ಆಯ್ಕೆ. ಮೂಲದಲ್ಲಿರುವುದು ತುಂಡು ಬಟ್ಟೆಗಳನ್ನು ಜೋಡಿಸುವ ಕೌದಿ. ಒಂದು ತುಂಡಿನ ಹೊಲಿಗೆ ಇದ್ದಕ್ಕಿದ್ದಂತೆ ಅಡ್ಡಾದಿಡ್ಡಿಯಾಗಿದೆ, ಅದನ್ನು ಕಂಡ ಹೇಲನ ಹೆಂಡತಿ ತಾನೇ ಬಿಚ್ಚಿ ಸರಿ ಹೊಲಿಯತೊಡಗುತ್ತಾಳೆ. ಸಾಕ್ಷ್ಯವನ್ನು ಮುಟ್ಟುವ ಮೊದಲ ಕೈ ಅದು. ಹೊಲಿಗೆ ಯಾರಿಗೂ ಕಾಣುವುದಿಲ್ಲ ಎಂಬ ನಿಮ್ಮ ಭಯ ನಿಜ. ಕೌದಿಯ ಬದಲು ಉಣ್ಣೆಯ ಸ್ವೆಟರ್ ಇಡಿ. ನಮ್ಮ ಚಳಿಗೂ ಒಪ್ಪುತ್ತದೆ, ಕೈಯಲ್ಲಿ ಕಡ್ಡಿ ಹಿಡಿದ ಹೆಂಗಸು ಮಡಿಕೇರಿ ಕಡೆಯವರಿಗೆ ಹೊಸಬಳಲ್ಲ. ಹೆಣಿಗೆ ಒಂದೇ ಸಮ ಬಂದು ಒಂದು ಸಾಲಿನಿಂದ ಮುಂದೆ ಕುಣಿಕೆಗಳು ಬಿಟ್ಟುಹೋಗಿವೆ, ಎಳೆ ಬಿಗಿದು ಸುಕ್ಕಾಗಿದೆ. ಅದನ್ನು ಪ್ರೇಕ್ಷಕರು ನೋಡಬೇಕಾಗಿಲ್ಲ. ನಟಿ ಅದನ್ನು ಬಿಚ್ಚುವಾಗ ಎಳೆ ಅವಳ ಕೈಯಿಂದ ಮಾರುದ್ದ ಬರುತ್ತದಲ್ಲ, ಅದು ಎಲ್ಲರಿಗೂ ಕಾಣುತ್ತದೆ. ಕೆಂಪು ಉಣ್ಣೆ ಬೇಡ, ಅದು ಬೊಬ್ಬೆ ಹೊಡೆಯುತ್ತದೆ. ಮಾಸಲು ಹಳದಿ ಸಾಕು. ಕೊನೆಯಲ್ಲಿ, ಕೌದಿಯನ್ನು ಅವಳು ಹೇಗೆ ಮುಗಿಸಲಿದ್ದಳು ಎಂದು ವಕೀಲ ಹಾಸ್ಯಕ್ಕೆಂದು ಕೇಳುವ ಪ್ರಶ್ನೆಗೆ ಹೇಲನ ಹೆಂಡತಿ ಗಂಟು ಹಾಕುವ ಮಾತಿನ ಉತ್ತರ ಕೊಡುತ್ತಾಳೆ. ಉಣ್ಣೆಯ ಎಳೆಗೂ ಕೊನೆಗೆ ಗಂಟೇ ಹಾಕಬೇಕಾದ್ದರಿಂದ ಅದೂ ಉಳಿಯುತ್ತದೆ.

ಹಣ್ಣಿನ ಶೀಶೆಗಳ ಜಾಗಕ್ಕೆ ಕೊಡಗಿನ ಹುಳಿರಸ ಕಾಚಂಪುಳಿ ತನ್ನಿ. ಮೂಲದಲ್ಲಿ ಬೇಸಿಗೆಯ ಸೆಕೆಯಲ್ಲಿ ಬೆವರು ಸುರಿಸಿ ಮಾಡಿಟ್ಟ ಹಣ್ಣಿನ ಪಾಕ, ಒಲೆ ಆರಿದ ರಾತ್ರಿ ಹಿಮದ ಚಳಿಗೆ ಶೀಶೆ ಒಡೆದು ಹಾಳಾಗುತ್ತದೆ. ಜೈಲಿನಲ್ಲಿ ಕುಳಿತ ಮಿನ್ನಿಗೆ ಅದರದೇ ಚಿಂತೆ, ಗಂಡಸರಿಗೆ ಅದೇ ನಗೆ. ಕೊಡಗಿನಲ್ಲಿ ಚಳಿಗೆ ಶೀಶೆ ಒಡೆಯುವುದಿಲ್ಲ, ಅದನ್ನು ಹಾಗೆಯೇ ಇಟ್ಟರೆ ಯಾರೂ ನಂಬರು. ಆದರೆ ಮಳೆಗಾಲದಲ್ಲಿ ಹಣ್ಣು ಆರಿಸಿ ತಂದು, ಕೊಳೆತು ಇಳಿದ ರಸವನ್ನು ಸೌದೆ ಒಲೆಯ ಮೇಲೆ ಕಪ್ಪಗೆ ಮಂದವಾಗುವವರೆಗೆ ಕುದಿಸುವ ಕೆಲಸ ಎಂಥದ್ದೆಂದು ನಿಮ್ಮ ಪ್ರೇಕ್ಷಕರಲ್ಲಿ ಅರ್ಧ ಜನಕ್ಕೆ ಹೇಳಬೇಕಾಗಿಲ್ಲ. ನಡುವೆ ಬೆಂಕಿ ಆರಿದರೆ ಆ ರಸ ಬೂಸು ಹಿಡಿಯುತ್ತದೆ. ಪೂರ್ತಿ ಕುದಿಸಿದ್ದು ವರ್ಷಗಟ್ಟಲೆ ಇರುತ್ತದೆ. ಹೀಗಾಗಿ ಒಲೆಯ ಮೇಲೆ ಅರ್ಧ ಕುದಿದು ಕೆಟ್ಟ ಮಡಕೆ, ಅಟ್ಟದ ಮೇಲೆ ಹಿಂದಿನ ವರ್ಷದ ಒಂದೇ ಒಂದು ಗಟ್ಟಿ ಬಾಟಲಿ. ಮೂಲದಲ್ಲಿ ಉಳಿದ ಆ ಒಂದು ಚೆರ್ರಿ ಶೀಶೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು. ನಿಜವಾದ ಕಾಚಂಪುಳಿಯನ್ನೇ ಇಡಿ, ಮುಚ್ಚಳ ತೆಗೆದಾಗ ಮುಂದಿನ ಸಾಲುಗಳಿಗೆ ವಾಸನೆಯೇ ಮಾತಾಡುತ್ತದೆ.

ಹಕ್ಕಿಯ ವಿಷಯದಲ್ಲಿ ಜಾಗ್ರತೆ. ಗಿಳಿ, ಮೈನಾಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ನಾಟಕ ನೋಡಿದ ಮಕ್ಕಳು ಅದೇ ಬೇಕೆಂದು ಹಟ ಹಿಡಿಯುವುದೂ ಬೇಡ. ಪೇಟೆಯಿಂದ ತಂದ ಕ್ಯಾನರಿಯೋ ಲವ್ ಬರ್ಡೋ ಆಗಲಿ, ಬಟ್ಟೆ ಮತ್ತು ಹತ್ತಿಯಲ್ಲಿ ಮಾಡಿದ್ದಾಗಲಿ. ನಿಮ್ಮ ತಂಡದ ಒಬ್ಬರು ಹಕ್ಕಿಯ ಬದಲು ಒಡೆದ ರೇಡಿಯೋ ಇಡೋಣ ಎಂದಿದ್ದಾರಲ್ಲ, ಒಂಟಿತನಕ್ಕೆ ಅದು ಸರಿಹೊಂದುತ್ತದೆ, ಕೊಲೆಗೆ ಹೊಂದುವುದಿಲ್ಲ. ಹಕ್ಕಿಯ ಕುತ್ತಿಗೆ ತಿರುಚಿದ ಬಗೆಗೂ ಗಂಡನ ಕೊರಳಿಗೆ ಬಿದ್ದ ಹಗ್ಗಕ್ಕೂ ಇರುವ ನಂಟೇ ಇಡೀ ನಾಟಕ. ರೇಡಿಯೋಕ್ಕೆ ಕುತ್ತಿಗೆಯಿಲ್ಲ.

ಈ ಹಗ್ಗದ ವಿಚಾರ ಕೊಡಗಿನಲ್ಲಿ ಮೂಲಕ್ಕಿಂತ ಹೆಚ್ಚು ಬಲ ಪಡೆಯುತ್ತದೆ. ಮನೆಯಲ್ಲಿ ಬಂದೂಕು ಇದ್ದೂ ಹಗ್ಗ ಯಾಕೆ ಎಂದು ಮೂಲದಲ್ಲೇ ಒಂದು ಮಾತು ಬರುತ್ತದೆ, ಅಮೆರಿಕದ ಪ್ರೇಕ್ಷಕರು ಅದನ್ನು ಕೇಳಿ ಮುಂದೆ ಹೋಗುತ್ತಾರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನ ವಿನಾಯಿತಿ ಇರುವ ಜಿಲ್ಲೆ ಇದು. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಕೋವಿಗೆ ಪೂಜೆ ಮಾಡುವ ಮನೆಗಳಿರುವ ಊರಿನಲ್ಲಿ ಆ ಪ್ರಶ್ನೆ ಬಂದರೆ ಸಭೆ ತಟಕ್ಕನೆ ಸುಮ್ಮನಾಗುತ್ತದೆ. ಗೋಡೆಯ ಮೇಲೆ ಕೋವಿಯನ್ನು ಮೊದಲಿನಿಂದಲೂ ತೂಗುಹಾಕಿ, ಯಾರೂ ಅದನ್ನು ಮುಟ್ಟದಿರಲಿ. ಅದು ಮರದ್ದಾಗಿರಲಿ, ನಿಜವಾದುದನ್ನು ವೇದಿಕೆಗೆ ತರಲೇಬೇಡಿ.

ಊರಿನ ಪ್ರಶ್ನೆಗೆ ಇಲ್ಲಿಯೇ ಉತ್ತರ ಬಂತು. ಐಯೊವಾದಲ್ಲೇ ಉಳಿಸಿ ಕನ್ನಡದಲ್ಲಿ ಮಾತಾಡಿಸಿದರೆ ಯಾರಿಗೂ ನೋವಿಲ್ಲ, ಆದರೆ ಕೌದಿಯೂ ಹಿಮವೂ ವಿವರಣೆ ಬೇಡುತ್ತವೆ, ಸುಳಿವು ವಿವರಿಸಿದ ಕೂಡಲೇ ಸಾಯುತ್ತದೆ. ಯಾವ ಊರೂ ಅಲ್ಲದ ಒಂದು ‘ಗುಡ್ಡದ ಮನೆ’ ಮಾಡುವುದು ಸುಲಭ, ನನಗೆ ಮಾತ್ರ ಅದು ನೀರು ಬೆರೆಸಿದ ಕಾಫಿ. ಕೊಡಗಿಗೇ ತನ್ನಿ, ಆದರೆ ಮನೆ ಹೆಸರು ಇಡಬೇಡಿ. ಇಲ್ಲಿ ಒಂದೊಂದು ಮನೆ ಹೆಸರಿನ ಹಿಂದೆಯೂ ಒಂದು ಒಕ್ಕ (ಕುಲ) ಇದೆ, ಐನ್‌ಮನೆ (ಮೂಲಮನೆ) ಇದೆ, ಎರಡನೇ ಸಾಲಿನಲ್ಲಿ ಕುಳಿತ ಹಿರಿಯರಿದ್ದಾರೆ. ಕಟ್ಟಿದ ಹೆಸರೂ ಎಲ್ಲೋ ಒಂದು ಕಡೆ ನಿಜವಾಗಿಬಿಡುತ್ತದೆ. ಗಂಡನನ್ನು ‘ಮೇಲಿನ ತೋಟದವರು’ ಎನ್ನಿ. ಹೆಂಡತಿಗೆ ಹುಟ್ಟಿದ ಮನೆಯಲ್ಲಿ ಕರೆಯುತ್ತಿದ್ದ ಒಂದು ಹೆಸರು ಕೊಡಿ, ಅದನ್ನು ಮೊದಲ ಸಲ ಹೇಲನ ಹೆಂಡತಿಯ ಬಾಯಲ್ಲಿ ಹೊರಡಿಸಿ. ಮೂಲದಲ್ಲಿ ಮಿನ್ನಿ ಮದುವೆಗೆ ಮೊದಲು ಚರ್ಚಿನ ಗಾಯನ ತಂಡದಲ್ಲಿ ಹಾಡುತ್ತಿದ್ದಳು. ನಿಮ್ಮವಳು ಹೆಂಗಸರ ಕುಣಿತವಾದ ಉಮ್ಮತ್ತಾಟ್‌ನಲ್ಲಿ ಮುಂದೆ ನಿಂತು ಹಾಡುತ್ತಿದ್ದವಳಾಗಲಿ. ಇತ್ತೀಚೆಗೆ ಜಿಲ್ಲೆಯಲ್ಲಿ ನಡೆದ ಯಾವ ಪ್ರಕರಣದ ವಿವರವೂ ಒಳಗೆ ನುಸುಳದಂತೆ ನೋಡಿಕೊಳ್ಳಿ.

ಹಕ್ಕುಸ್ವಾಮ್ಯದ ಚಿಂತೆ ಬೇಡ. ಗ್ಲಾಸ್ಪೆಲ್ ತೀರಿಕೊಂಡಿದ್ದು 1948ರಲ್ಲಿ. ನಮ್ಮ ಕಾನೂನಿನ ಪ್ರಕಾರ ಅರವತ್ತು ವರ್ಷ 2008ಕ್ಕೇ ಮುಗಿದಿದೆ. ಆದರೆ ಯಾರಾದರೂ ಮಾಡಿದ ಕನ್ನಡ ಅನುವಾದವನ್ನು ಬಳಸುವುದಾದರೆ ಅವರ ಒಪ್ಪಿಗೆ ಬೇಕು.

ನೀವು ಕೇಳದ ಒಂದು ವಿಷಯ ಹೇಳಬೇಕು. ನೀವು ಕಳಿಸಿದ ಕರಡಿನ ಮೊದಲ ಪುಟದಲ್ಲೇ ಇಬ್ಬರು ಹೆಂಗಸರೂ ಕಣ್ಣಿನಲ್ಲೇ ಮಾತಾಡಿಕೊಳ್ಳುತ್ತಾರೆ, ಒಬ್ಬರ ಕೈ ಇನ್ನೊಬ್ಬರು ಹಿಡಿಯುತ್ತಾರೆ. ಹಾಗಲ್ಲ. ಶುರುವಿನಲ್ಲಿ ಅವರು ಗೆಳತಿಯರಲ್ಲ. ಪೀಟರ್ಸ್‌ನ ಹೆಂಡತಿ ಪೊಲೀಸ್ ಅಧಿಕಾರಿಯ ಹೆಂಡತಿ, ಕಾನೂನು ಕಾನೂನೇ ಎಂದು ಬಾಯಿಬಿಟ್ಟು ಹೇಳುವವಳು. ಹೇಲನ ಹೆಂಡತಿ ನೆರೆಯವಳಾಗಿದ್ದೂ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಮನೆಗೆ ಕಾಲಿಟ್ಟವಳಲ್ಲ, ಅದು ಅವಳನ್ನು ಒಳಗೊಳಗೇ ತಿನ್ನುತ್ತಿದೆ. ಪೀಟರ್ಸ್‌ನ ಹೆಂಡತಿ ತಿರುಗುವುದು ಯಾರದೋ ಭಾಷಣದಿಂದಲ್ಲ. ಚಿಕ್ಕಂದಿನಲ್ಲಿ ಒಬ್ಬ ಹುಡುಗ ತನ್ನ ಬೆಕ್ಕಿನ ಮರಿಯನ್ನು ಕಣ್ಣೆದುರಿಗೇ ಕೊಡಲಿಯಿಂದ ಕೊಂದದ್ದು, ಮೊದಲ ಮಗು ಸತ್ತಾಗ ಒಂಟಿ ಮನೆಯಲ್ಲಿ ಕುಳಿತಿದ್ದದ್ದು ಅವಳಿಗೆ ನೆನಪಾಗುತ್ತದೆ. ಆ ಎರಡು ಮಾತನ್ನು ಅಳದೆ ಹೇಳಿಸಿ. ಕೈಯಲ್ಲಿ ಏನಾದರೂ ಕೆಲಸ ಮಾಡುತ್ತಾ, ಉದಾಹರಣೆಗೆ ಜೈಲಿಗೆ ಕೊಂಡೊಯ್ಯುವ ಬಟ್ಟೆ ಮಡಿಸುತ್ತಾ ಹೇಳಲಿ. ಅವರಿಬ್ಬರ ನಡುವೆ ಒಪ್ಪಂದವಾಯಿತು ಎಂಬ ಮಾತು ಮೂಲದಲ್ಲಿ ಎಲ್ಲೂ ಇಲ್ಲ, ನೀವೂ ಸೇರಿಸಬೇಡಿ. ನಿಮ್ಮ ಸಮಾಜದ ಅಧ್ಯಕ್ಷೆಯವರು ಕೊನೆಯಲ್ಲಿ ಸಂದೇಶವೊಂದು ಇರಲಿ ಎಂದಿದ್ದಾರಂತೆ. ಅವರಿಗೆ ನಾಟಕ ಮುಗಿದ ಮೇಲೆ ವಂದನಾರ್ಪಣೆಯಲ್ಲಿ ಹೇಳುವ ಅವಕಾಶ ಕೊಡಿ.

ಕೊನೆಯದಾಗಿ ಜೇಬು. ಸತ್ತ ಹಕ್ಕಿ ಇರುವ ಪೆಟ್ಟಿಗೆಯನ್ನು ಪೀಟರ್ಸ್‌ನ ಹೆಂಡತಿ ತನ್ನ ಚೀಲಕ್ಕೆ ತುರುಕಲು ನೋಡುತ್ತಾಳೆ, ಹಿಡಿಸುವುದಿಲ್ಲ, ಹೆಜ್ಜೆ ಸದ್ದು ಹತ್ತಿರವಾಗುತ್ತದೆ, ಹೇಲನ ಹೆಂಡತಿ ಕಸಿದುಕೊಂಡು ತನ್ನ ದೊಡ್ಡ ಕೋಟಿನ ಜೇಬಿಗಿಳಿಸುತ್ತಾಳೆ. ನಿಮ್ಮ ನಟಿಯರು ಉಟ್ಟಿರುವುದು ಸೀರೆ, ಅದೂ ಹಿಂದೆ ನೆರಿಗೆ ಹಾಕಿದ ಸೀರೆ, ಜೇಬೆಲ್ಲಿಂದ ಬಂತು? ಕರಡಿನಲ್ಲಿ ಸೆರಗಿನಡಿ ಎಂದು ಬರೆದಿದ್ದೀರಿ, ಸೆರಗಿನಡಿಯ ಪೆಟ್ಟಿಗೆ ಎಲ್ಲರಿಗೂ ಕಾಣುತ್ತದೆ. ಮಳೆ ಇದೆಯಲ್ಲ, ಮಳೆಕೋಟು ಬಳಸಿ. ಬರುವಾಗಲೇ ಹೇಲನ ಹೆಂಡತಿ ಅದನ್ನು ಬಿಚ್ಚಿ ಬಾಗಿಲ ಬಳಿಯ ಗೂಟಕ್ಕೆ ಹಾಕಲಿ, ನೀರು ತೊಟ್ಟಿಕ್ಕುತ್ತಿರಲಿ. ಪೆಟ್ಟಿಗೆ ಇರುವ ಒಲೆಯ ಬದಿಯಿಂದ ಆ ಗೂಟಕ್ಕೆ ಐದಾರು ಹೆಜ್ಜೆ ದೂರವಿರುವಂತೆ ಅಡುಗೆಮನೆ ಜೋಡಿಸಿ, ಗಂಡಸರು ಒಳಬರುವ ಬಾಗಿಲೂ ಅದೇ ಆಗಿರಲಿ. ಒಳಜೇಬನ್ನು ದರ್ಜಿಯ ಹತ್ತಿರ ಪೆಟ್ಟಿಗೆಯ ಅಳತೆಗಿಂತ ಎರಡು ಬೆರಳು ಹೆಚ್ಚು ಇಟ್ಟು ಹೊಲಿಸಿ, ಮಾತು ಬಾಯಿಪಾಠವಾಗುವ ಮೊದಲೇ ಕೋಟನ್ನು ತಾಲೀಮಿಗೆ ತನ್ನಿ. ಪೆಟ್ಟಿಗೆಯ ಮೂಲೆಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಿದರೆ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ.